ಬಾಗಿಲಿಗೆ ನೇತುಹಾಕುವ ಕಾರ್ಡು: ಏಳು ಕ್ರೂಸ್‌ಗಳ ನಂತರ ಹಡಗಿನ ರೂಮ್ ಸರ್ವಿಸ್ ಬಗ್ಗೆ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಬೆಳಗಿನ ಕಾಫಿಗೆ ಐದಕ್ಕೆ ಐದು, ಮಧ್ಯರಾತ್ರಿಯ ಬರ್ಗರ್‌ಗೆ ಐದಕ್ಕೆ ಎರಡು. ಅದೇ ಹಡಗು, ಅದೇ ಫೋನು, ತಂದುಕೊಡುವವರೂ ಅವರೇ. ಆದರೂ ಇಷ್ಟು ಅಂತರ ಯಾಕೆ ಅಂತ ಮೊದಮೊದಲು ನನಗೂ ಅರ್ಥವಾಗುತ್ತಿರಲಿಲ್ಲ. ಏಳು ಪ್ರಯಾಣ, ನಾಲ್ಕು ಕಂಪನಿ, ಕಿಟಕಿಯಿಲ್ಲದ ಒಳ ಕ್ಯಾಬಿನ್‌ನಿಂದ ಬಾಲ್ಕನಿಯವರೆಗೆ ಎಲ್ಲ ಆದ ಮೇಲೆ ಹೇಳುತ್ತಿದ್ದೇನೆ: ತಪ್ಪು ಅಡುಗೆಯವರದ್ದಲ್ಲ, ದಾರಿಯದ್ದು.

ಆ ದಾರಿ ಎಷ್ಟು ಉದ್ದ ಅಂತ ನಮಗೆ ಕಾಣುವುದೇ ಇಲ್ಲ. ಈಗಿನ ದೊಡ್ಡ ಹಡಗುಗಳು 300 ಮೀಟರ್ ದಾಟಿವೆ. ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದ, 20 ಡೆಕ್, ಅಂದರೆ ಅಂತಸ್ತು. ಕೆಳಗಿನ ಡೆಕ್‌ನಲ್ಲಿ ಮುಂದಿನಿಂದ ಹಿಂದಿನವರೆಗೆ ಸಿಬ್ಬಂದಿ ಓಡಾಡುವ ಒಂದು ಉದ್ದ ಕಾರಿಡಾರ್ ಇರುತ್ತದೆ. ಅಮೆರಿಕದ ಹೆದ್ದಾರಿಯ ಹೆಸರಿನಲ್ಲಿ ಅದನ್ನು ಹಡಗಿನವರು ಐ-95 ಅಂತಲೇ ಕರೆಯುತ್ತಾರೆ. ನಿಮ್ಮ ಟ್ರೇ ಗ್ಯಾಲಿಯಿಂದ, ಅಂದರೆ ಹಡಗಿನ ಅಡುಗೆಮನೆಯಿಂದ ಹೊರಟು ಇಂಥ ಹೆದ್ದಾರಿ ಹಿಡಿದು, ಸರ್ವಿಸ್ ಲಿಫ್ಟ್‌ಗೆ ಕಾದು, ಮೇಲೆ ಬಂದು, ಮತ್ತೆ ಕಾರ್ಪೆಟ್ ಹಾಸಿದ ಕಾರಿಡಾರ್‌ನಲ್ಲಿ ನಿಮ್ಮ ನಂಬರ್ ಹುಡುಕಬೇಕು. ಅಷ್ಟು ಹೊತ್ತೂ ಸ್ಟೀಲ್ ಮುಚ್ಚಳದೊಳಗೆ ಫ್ರೆಂಚ್ ಫ್ರೈಸ್ ತನ್ನದೇ ಹಬೆಯಲ್ಲಿ ಬೆವರುತ್ತಿರುತ್ತದೆ. ಬಾಗಿಲು ತಲುಪುವಾಗ ಅದನ್ನು ಎತ್ತಿ ಹಿಡಿದರೆ ತುದಿ ಜೋಲು ಬೀಳುತ್ತದೆ. ಟೋಸ್ಟ್‌ನದ್ದೂ ಅದೇ ಗತಿ. ಮೊಟ್ಟೆಯ ಮಾತಂತೂ ಬೇಡ.

ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳಿಗೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವೆಸೆಲ್ ಸ್ಯಾನಿಟೇಶನ್ ಪ್ರೋಗ್ರಾಂ ಎಂಬ ಹಡಗು ನೈರ್ಮಲ್ಯ ವಿಭಾಗದವರು ಮುನ್ಸೂಚನೆ ಕೊಡದೆ ಬಂದು ತಪಾಸಣೆ ಮಾಡುತ್ತಾರೆ. 100ಕ್ಕೆ 86 ಬಂದರೆ ಪಾಸ್. ಬಿಸಿಯಾಗಿ ಇಟ್ಟ ಆಹಾರ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, ತಣ್ಣಗಿಟ್ಟದ್ದು 5 ಡಿಗ್ರಿ ದಾಟಬಾರದು ಅನ್ನುವುದು ಅವರ ಅಳತೆ. ಹಾಗಾಗಿ ಹೊಟ್ಟೆ ಕೆಡುವ ಭಯ ನನಗಿಲ್ಲ. ಆದರೆ ಇನ್ಸ್‌ಪೆಕ್ಟರ್ ಥರ್ಮಾಮೀಟರ್‌ಗೆ ಸಾಕಾದ ಬಿಸಿ ನಾಲಿಗೆಗೆ ಸಾಕಾಗಬೇಕಲ್ಲ.

ಆದ್ದರಿಂದ ನಾನು ಈಗ ಆರ್ಡರ್ ಮಾಡುವುದು ದಾರಿಯಲ್ಲಿ ಹಾಳಾಗದೆ ಉಳಿಯುವ ಪದಾರ್ಥಗಳನ್ನು ಮಾತ್ರ. ಹಣ್ಣು, ಮೊಸರು, ಸೀರಿಯಲ್, ಕ್ರೋಸಾಂಟ್, ಚೀಸ್ ತಟ್ಟೆ, ತಣ್ಣನೆಯ ಸ್ಯಾಂಡ್‌ವಿಚ್. ಬಿಸಿಯದ್ದೇ ಬೇಕೆಂದರೆ ಸೂಪ್. ಮುಚ್ಚಿದ ಬಟ್ಟಲಿನಲ್ಲಿ ಅದು ಆಶ್ಚರ್ಯವಾಗುವಷ್ಟು ಹೊತ್ತು ಬಿಸಿ ಹಿಡಿದಿಡುತ್ತದೆ. ಮತ್ತು ಥರ್ಮಾಸ್‌ನಲ್ಲಿ ಬರುವ ಕಾಫಿ.

ಕಾಫಿಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಬ್ರಿಟಿಷ್ ಪ್ರಯಾಣಿಕರನ್ನು ನೆಚ್ಚಿಕೊಂಡ ಹಡಗುಗಳಲ್ಲಿ ಕ್ಯಾಬಿನ್‌ನಲ್ಲೇ ಕೆಟಲ್ ಇರುತ್ತದೆ. ಬಹಳಷ್ಟು ಅಮೆರಿಕನ್ ಕಂಪನಿಗಳ ಹಡಗುಗಳಲ್ಲಿ ಇರುವುದಿಲ್ಲ, ನಾವು ತಂದರೂ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಸಮುದ್ರದ ನಡುವೆ ಬೆಂಕಿಗಿಂತ ದೊಡ್ಡ ಭಯವಿಲ್ಲ, ಸರಿ, ಒಪ್ಪಿದೆ. ಆದರೆ ಬೆಳಗ್ಗೆ ಆರಕ್ಕೆ ಕಣ್ಣುಜ್ಜಿಕೊಂಡು, ಲಿಫ್ಟ್ ಹತ್ತಿ, ಬಫೆಯಲ್ಲಿ ಸಾಲು ನಿಂತು ಕಾಫಿ ತರುವುದಿದೆಯಲ್ಲ, ಅದನ್ನು ರಜೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲೇ ಬರುತ್ತದೆ ಆ ಕಾರ್ಡು. ರಾತ್ರಿ ಮಲಗುವ ಮುನ್ನ ಬೇಕಾದ್ದಕ್ಕೆ ಗುರುತು ಹಾಕಿ, ಅರ್ಧ ಗಂಟೆಯ ಒಂದು ಸಮಯ ಆರಿಸಿ, ಕ್ಯಾಬಿನ್ ನಂಬರ್ ಬರೆದು ಹೊರಗಿನ ಹಿಡಿಗೆ ನೇತುಹಾಕಿದರೆ ಆಯಿತು. ಹೊಸ ಹಡಗುಗಳಲ್ಲಿ ಆ್ಯಪ್ ಅಥವಾ ಟೀವಿ ಪರದೆಯಲ್ಲೇ ಮುಗಿಯುತ್ತದೆ. ನನಗೆ ಕಾರ್ಡೇ ಇಷ್ಟ. ಆ್ಯಪ್‌ನಲ್ಲಿ ‘ಸಕ್ಕರೆ ಬೇಡ, ಹಾಲು ಜಾಸ್ತಿ, ದಯವಿಟ್ಟು’ ಅಂತ ಅಂಚಿನಲ್ಲಿ ಬರೆಯಲು ಜಾಗ ಎಲ್ಲಿದೆ?

ಕಾರ್ಡ್ ತುಂಬುವಾಗ ನಾನು ಮಾಡಿದ ಎಡವಟ್ಟುಗಳೂ ಇವೆ. ಕಾಫಿಯ ಎದುರಿನ ಚೌಕದಲ್ಲಿ ‘4’ ಅಂತ ಬರೆದೆ, ನಾಲ್ಕು ಕಪ್ ಅಂದುಕೊಂಡು. ಬೆಳಗ್ಗೆ ನಾಲ್ಕು ಥರ್ಮಾಸ್ ಬಂದು ಮೇಜಿನ ಮೇಲೆ ಸಾಲಾಗಿ ನಿಂತವು. ಇನ್ನೊಂದು ಸಲ, ಆ ರಾತ್ರಿ ಹಡಗಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ ಅಂತ ಹಡಗಿನವರೇ ಹಂಚುವ ದಿನದ ಪತ್ರಿಕೆಯಲ್ಲಿ ಹಾಕಿದ್ದರು, ನಾನು ಓದಲಿಲ್ಲ. ಆರೂವರೆ ಅಂತ ಗುರುತು ಹಾಕಿದ್ದೆ. ನನ್ನ ಗಡಿಯಾರದಲ್ಲಿ ಐದೂವರೆಗೆ ಬಾಗಿಲು ಬಡಿದರು. ಫೋನ್ ನೋಡಿಕೊಳ್ಳುತ್ತೇನೆ ಅನ್ನುವವರಿಗೂ ಎಚ್ಚರಿಕೆ: ದಡದ ಟವರ್ ಸಿಕ್ಕಿದರೆ ಅದು ದಡದ ಸಮಯ ತೋರಿಸುತ್ತದೆ, ಟ್ರೇ ಬರುವುದು ಹಡಗಿನ ಸಮಯಕ್ಕೆ.

ಬಾಲ್ಕನಿ ಕ್ಯಾಬಿನ್ ಇದ್ದರೆ, ಬಾಗಿಲು ಬಡಿದ ಕೂಡಲೇ ಮೊದಲು ಬಾಲ್ಕನಿಯ ಬಾಗಿಲು ಮುಚ್ಚಿ. ಎರಡೂ ಒಟ್ಟಿಗೆ ತೆರೆದರೆ ಗಾಳಿ ನುಗ್ಗಿ ಪೇಪರ್, ನ್ಯಾಪ್‌ಕಿನ್ ಎಲ್ಲ ಹಾರುತ್ತವೆ, ಟ್ರೇ ಹಿಡಿದು ನಿಂತ ಪಾಪದವರ ಮುಖಕ್ಕೇ ಬಾಗಿಲು ಬಡಿಯುತ್ತದೆ. ಬಂದರಿನಲ್ಲಿ ನಿಂತಾಗ ತಟ್ಟೆ ಹೊರಗಿಟ್ಟು ಒಳಗೆ ಹೋಗಬೇಡಿ. ನಾನು ಕ್ಯಾಮೆರಾ ತರಲು ಹೋಗಿದ್ದು ಹತ್ತೇ ಸೆಕೆಂಡು, ಕ್ರೋಸಾಂಟ್ ಆಗಲೇ ಸೀಗಲ್ ಎಂಬ ಕಡಲಹಕ್ಕಿಯ ಬಾಯಲ್ಲಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಇಷ್ಟು ಅಕ್ಷರಶಃ ಅನುಭವಿಸಿದವರು ಕಡಿಮೆ.

ದುಡ್ಡಿನ ವಿಷಯ. ಹಿಂದೆ ಇದೆಲ್ಲ ಟಿಕೆಟ್‌ನಲ್ಲೇ ಸೇರಿತ್ತು. 2015ರಲ್ಲಿ ನಾರ್ವೇಜಿಯನ್, 2017ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗಳು ಒಂದು ಆರ್ಡರ್‌ಗೆ 7.95 ಡಾಲರ್ ಶುಲ್ಕ ಅಂತ ಶುರು ಮಾಡಿದವು. ಬ್ರೆಡ್, ಹಣ್ಣು, ಕಾಫಿಯಂಥ ಬೆಳಗಿನ ಕಾಂಟಿನೆಂಟಲ್ ತಿಂಡಿಯನ್ನು ಮಾತ್ರ ಆಗ ಉಚಿತವಾಗಿಯೇ ಬಿಟ್ಟರು. ಊಟಕ್ಕೆ ದುಡ್ಡಿಲ್ಲ, ತಂದುಕೊಡುವ ಅನುಕೂಲಕ್ಕೆ ಮಾತ್ರ ದುಡ್ಡು ಅನ್ನುವುದು ಇದರ ಹಿಂದಿನ ವಿವರಣೆ. ಅಳಿಯ ಅಲ್ಲ, ಮಗಳ ಗಂಡ. ಆದರೂ ಒಂದು ಮಾತು ಒಪ್ಪಬೇಕು: ಶುಲ್ಕ ಆರ್ಡರ್‌ಗೆ, ತಟ್ಟೆಗಲ್ಲ. ಹಾಗಾಗಿ ನಾವು ನಾಲ್ವರಿದ್ದಾಗ ಎಲ್ಲರ ಪಟ್ಟಿಯನ್ನೂ ಒಂದೇ ಫೋನ್ ಕರೆಯಲ್ಲಿ ಮುಗಿಸುತ್ತೇವೆ. ನಿಯಮ ಕಂಪನಿಗೊಂದು, ಆಗಾಗ ಬದಲಾಗುತ್ತಲೂ ಇರುತ್ತದೆ. ಕ್ಯಾಬಿನ್‌ನ ಮೆನು ಓದಿಯೇ ಫೋನ್ ಎತ್ತಿ. ತಂದವರ ಕೈಗೆ ಒಂದೆರಡು ಡಾಲರ್ ಕೊಡುವುದನ್ನು ನಾನು ತಪ್ಪಿಸುವುದಿಲ್ಲ.

ಈ ಸೇವೆಯ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಹಸಿವಾದಾಗ ಅಲ್ಲ, ಊಟ ನೋಡಿದರೇ ಆಗದಿದ್ದಾಗ. ಮೂರನೇ ಪ್ರಯಾಣದಲ್ಲಿ ಒಂದು ರಾತ್ರಿಯಿಡೀ ಸಮುದ್ರ ಎದ್ದುಬಿದ್ದು, ನಾನು ಹಾಸಿಗೆ ಹಿಡಿದಿದ್ದೆ. ತಲೆ ಎತ್ತಿದರೆ ಗೋಡೆಯೂ ಏಳುತ್ತಿತ್ತು. ಫೋನ್ ಮಾಡಿ ಏನು ಕೇಳಬೇಕೆಂದು ತಿಳಿಯದೆ ‘ಹೊಟ್ಟೆ ತೊಳಸುತ್ತಿದೆ’ ಅಂದೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಹಸಿರು ಸೇಬು, ಉಪ್ಪಿನ ಬಿಸ್ಕತ್ತು, ಶುಂಠಿ ಸೋಡಾ ಬಂತು. ಟ್ರೇ ಜಾರದಂತೆ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಟ್ಟು, ಸೇಬನ್ನು ಹೋಳು ಮಾಡಿಕೊಟ್ಟು ಹೋದರು. ಹೊರಗೆ ಕಾರಿಡಾರ್‌ನಲ್ಲಿ ಅವರೂ ಗೋಡೆಯ ಕಂಬಿ ಹಿಡಿದೇ ನಡೆಯುತ್ತಿದ್ದರು.

ದೂರು ಒಂದೇ, ಅದೂ ಹಡಗಿನವರ ಮೇಲಲ್ಲ, ಸಹಪ್ರಯಾಣಿಕರ ಮೇಲೆ. ತಿಂದ ಟ್ರೇಯನ್ನು ಕಾರಿಡಾರ್‌ನ ನೆಲದ ಮೇಲೆ ಇಟ್ಟು ಬಾಗಿಲು ಹಾಕಿಕೊಳ್ಳುವವರು ತುಂಬ ಜನ. ಗಾಲಿಕುರ್ಚಿಯವರು ಹೋಗುವುದು ಹೇಗೆ? ಅಲಾರಂ ಹೊಡೆದು ಎಲ್ಲರೂ ಓಡಬೇಕಾಗಿ ಬಂದರೆ ಹೇಗೆ? ಒಂದು ಫೋನ್ ಮಾಡಿದರೆ ಬಂದು ಒಯ್ಯುತ್ತಾರೆ, ಇಲ್ಲವಾದರೆ ಒಳಗೇ ಇಟ್ಟರೆ ಕ್ಯಾಬಿನ್ ಸ್ವಚ್ಛ ಮಾಡುವವರು ತೆಗೆದುಕೊಂಡು ಹೋಗುತ್ತಾರೆ.

ಇಳಿಯುವ ದಿನ ಬೆಳಗ್ಗೆ ಇದನ್ನು ನಂಬಿಕೊಳ್ಳಬೇಡಿ. ನಾನು ಹೋದ ಹೆಚ್ಚಿನ ಹಡಗುಗಳಲ್ಲಿ ಕೊನೆಯ ರಾತ್ರಿ ಕಾರ್ಡೇ ಇಟ್ಟಿರುವುದಿಲ್ಲ. ಸೂಟ್‌ಕೇಸ್ ಹೊರಗಿಟ್ಟ ಮೇಲೆ ನೀವೂ ಬಫೆಯ ಸಾಲಿನಲ್ಲೇ.

ಎಂಟನೆಯದು ಬುಕ್ ಆಗಿದೆ. ಈ ಸಲ ಹಡಗಿನ ತುದಿಯ ಕ್ಯಾಬಿನ್ ಬಿಟ್ಟು, ನಡುಭಾಗದಲ್ಲಿ, ಲಿಫ್ಟ್‌ಗೆ ಹತ್ತಿರದ್ದನ್ನು ಸ್ವಲ್ಪ ಜಾಸ್ತಿ ಕೊಟ್ಟು ಹಿಡಿದಿದ್ದೇನೆ. ನಡುವೆ ಓಲಾಟ ಕಡಿಮೆ ಅಂತ ಮನೆಯವರಿಗೆ ಹೇಳಿದ್ದೇನೆ. ಅದೂ ನಿಜವೇ.