ಸೋನಿ ಎಚ್‌ಟಿ-ಎಸ್‌20ಆರ್: ಹಿಂದಿನ ಸ್ಪೀಕರ್ ಇಡಲು ಜಾಗ ಇದ್ದರೆ ಮಾತ್ರ

ಕಡಿಮೆ ಬೆಲೆಯ ಸೌಂಡ್‌ಬಾರ್‌ಗಳಲ್ಲಿ ಹೆಚ್ಚಿನವು 2.0 ಇಲ್ಲವೇ 2.1 (ಮೊದಲ ಅಂಕಿ ಚಾನೆಲ್, ಅಂದರೆ ಬೇರೆಬೇರೆಯಾಗಿ ಬರುವ ಧ್ವನಿಗಳ ಎಣಿಕೆ, ಎರಡನೆಯದು ಬಾಸ್ ಕೊಡುವ ಸಬ್‌ವೂಫರ್‌ನದು). ಡಬ್ಬದ ಮೇಲೆ ‘ಸರೌಂಡ್’ ಅಂತ ಬರೆದಿದ್ದರೂ ಸದ್ದು ಬರುವುದು ಟಿವಿ ಕಡೆಯಿಂದಲೇ. ಸೋನಿಯ ಎಚ್‌ಟಿ-ಎಸ್‌20ಆರ್ ಹಾಗಲ್ಲ. ಮುಂದಿನ ಬಾರ್‌ನಲ್ಲಿ ಎಡ, ನಡು, ಬಲ ಮೂರು ಚಾನೆಲ್, ಜೊತೆಗೆ ಸಬ್‌ವೂಫರ್, ಹಿಂದೆ ಇಡಲು ನಿಜವಾದ ಎರಡು ಸ್ಪೀಕರ್, ಅಂದರೆ 5.1. ಕಂಪನಿ ಹೇಳುವ 400 ವ್ಯಾಟ್ ಎಂಬುದು ಎಲ್ಲ ಚಾನೆಲ್ ಕೂಡಿಸಿದ ಲೆಕ್ಕ, ಅದಕ್ಕೆ ಮರುಳಾಗಬೇಡಿ. ಕೊಟ್ಟ ದುಡ್ಡು ಸಾರ್ಥಕ ಅನಿಸುವುದು ನಡುವಿನ ಚಾನೆಲ್‌ನಿಂದ. ಸಿನಿಮಾದ ಮಾತು ಬಹುಪಾಲು ಅಲ್ಲಿಂದಲೇ ಬರುವುದರಿಂದ ಹಿನ್ನೆಲೆ ಸಂಗೀತ ಜೋರಾದರೂ ಸಂಭಾಷಣೆ ಮುಳುಗುವುದಿಲ್ಲ. ಇನ್ನೂ ಸಾಲದಿದ್ದರೆ ರಿಮೋಟ್‌ನಲ್ಲಿ ವಾಯ್ಸ್ ಬಟನ್ ಇದೆ.

ಸಬ್‌ವೂಫರ್, ಹಿಂದಿನ ಸ್ಪೀಕರ್ ಎಲ್ಲವೂ ವೈರ್‌ನವೇ. ಆದ್ದರಿಂದ ಕೊಳ್ಳುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ನೇರ ದೂರವಲ್ಲ, ಗೋಡೆಯ ಬುಡದಗುಂಟ ಬಾಗಿಲಿನ ಚೌಕಟ್ಟು ಸುತ್ತಿ ಹೋಗುವ ದೂರ. ಹಿಂದಿನ ಸ್ಪೀಕರ್‌ಗಳು ಕೂತವರ ಕಿವಿಯ ಮಟ್ಟಕ್ಕೆ ಅಥವಾ ತುಸು ಮೇಲೆ, ಸೋಫಾಗಿಂತ ಸ್ವಲ್ಪ ಹಿಂದಕ್ಕೆ ಇರಲಿ. ಸೋಫಾ ಗೋಡೆಗೆ ಒತ್ತಿದ್ದರೆ ಅವನ್ನು ಎರಡೂ ಪಕ್ಕದಲ್ಲಿಟ್ಟು ಒಳಮುಖವಾಗಿ ತಿರುಗಿಸಿದರೆ ಸಾಕು. ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಬಾಸ್ ಗುಂಯ್‌ಗುಡುತ್ತದೆ. ಒಂದು ಅಡಿ ಈಚೆಗೆ ಎಳೆಯಿರಿ, ಆಮೇಲೆ ಬಾಸ್ ಮಟ್ಟ ಹೊಂದಿಸಿ.

“ಹಿಂದಿನ ಸ್ಪೀಕರ್ ಮಾತಾಡುತ್ತಲೇ ಇಲ್ಲ” ಎಂಬ ದೂರಿಗೆ ಬಹಳ ಸಲ ಕಾರಣ ಟಿವಿಯ ಸೆಟ್ಟಿಂಗ್. ಎಚ್‌ಡಿಎಂಐ ಕೇಬಲ್ ಟಿವಿಯ ಯಾವುದೋ ಪೋರ್ಟ್‌ಗಲ್ಲ, ಎಆರ್‌ಸಿ (ಟಿವಿಯ ಸದ್ದನ್ನು ಸೌಂಡ್‌ಬಾರ್‌ಗೆ ಕಳಿಸುವ ದಾರಿ) ಎಂದು ಬರೆದಿರುವ ಪೋರ್ಟ್‌ಗೇ ಹೋಗಬೇಕು. ಟಿವಿಯಲ್ಲಿ ಸಿಇಸಿ (ಎಚ್‌ಡಿಎಂಐ ಮೂಲಕ ಒಂದು ಸಾಧನದಿಂದ ಇನ್ನೊಂದನ್ನು ನಿಯಂತ್ರಿಸುವ ವ್ಯವಸ್ಥೆ) ಆನ್ ಮಾಡಿ, ಆಗ ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಸಿಗುತ್ತದೆ. ಬಳಿಕ ಡಿಜಿಟಲ್ ಆಡಿಯೊ ಔಟ್ ಎಂಬಲ್ಲಿ ಪಿಸಿಎಂ (ಕಿರಿದುಗೊಳಿಸದ ಧ್ವನಿ) ಇದ್ದರೆ ತೆಗೆದು ಡಾಲ್ಬಿ ಡಿಜಿಟಲ್ (ಧ್ವನಿಯನ್ನು ಕಿರಿದಾಗಿಸಿ ಕಳಿಸುವ ರೂಪ) ಆಯ್ದುಕೊಳ್ಳಿ. ಎಆರ್‌ಸಿಯಲ್ಲಿ ಪಿಸಿಎಂ ಹೋಗುವುದು ಎರಡೇ ಚಾನೆಲ್, 5.1 ಬೇಕೆಂದರೆ ಡಾಲ್ಬಿ ಡಿಜಿಟಲ್ಲೇ ಆಗಬೇಕು. ಆಪ್ಟಿಕಲ್ ಕೇಬಲ್‌ನಲ್ಲೂ ಇದು ಬರುತ್ತದೆ, ಆದರೆ ಟಿವಿ ರಿಮೋಟ್‌ನ ಅನುಕೂಲ ಹೋಯಿತು. ಬ್ಲೂಟೂತ್ ಹಾಡಿಗೆ ಮಾತ್ರ ಇಟ್ಟುಕೊಳ್ಳಿ. ಅದರಲ್ಲಿ 5.1 ಬರುವುದಿಲ್ಲ, ತುಟಿಗೂ ಮಾತಿಗೂ ತಾಳೆ ತಪ್ಪುವುದೂ ಉಂಟು.

ಇಷ್ಟು ಮಾಡಿದರೂ ಮೂಲವೇ ಸ್ಟೀರಿಯೊ ಆಗಿದ್ದರೆ ಇಲ್ಲದ ಚಾನೆಲ್ ಎಲ್ಲಿಂದ ಬರಬೇಕು? ಒಟಿಟಿಯಲ್ಲಿ ಹಲವು ಕನ್ನಡ ಸಿನಿಮಾಗಳು 5.1ರಲ್ಲಿ ಸಿಗುತ್ತವೆ, ಹಳೆಯ ಎಷ್ಟೋ ಚಿತ್ರಗಳು ಎರಡೇ ಚಾನೆಲ್. ಪರೀಕ್ಷೆ ಮಾಡುವಾಗ ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಇದೆಯೇ ನೋಡಿ, ಹಿಂದಿನ ಸ್ಪೀಕರ್‌ಗೆ ಕಿವಿಯಿಟ್ಟು ಕೇಳಿ.

ಗೇಮ್ ಕನ್ಸೋಲ್ ಇರುವವರು ಗಮನಿಸಬೇಕು: ಎಚ್‌ಡಿಎಂಐ ಪೋರ್ಟ್ ಒಂದೇ, ಅದು ಟಿವಿಗೆ. ಕನ್ಸೋಲ್ ಟಿವಿಗೇ ಸೇರಬೇಕು. ಹಳೆಯ ಕೆಲವು ಟಿವಿಗಳು ಹೊರಗಿನಿಂದ ಬಂದ 5.1 ಅನ್ನು ಸ್ಟೀರಿಯೊಗೆ ಇಳಿಸಿಯೇ ಕಳಿಸುತ್ತವೆ. ಅಟ್ಮಾಸ್ (ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ ಡಾಲ್ಬಿಯ ತಂತ್ರ) ಇಲ್ಲ, ವೈಫೈ ಇಲ್ಲ. ಈ ಬೆಲೆಗೆ ಅದು ದೊಡ್ಡ ಕೊರತೆಯಲ್ಲ. ಹಾಲ್‌ನಲ್ಲಿ ವೈರ್ ಎಳೆಯಲು ಮನೆಯವರ ಒಪ್ಪಿಗೆ ಇಲ್ಲದಿದ್ದರೆ ಮಾತ್ರ ಇದನ್ನು ಬಿಟ್ಟು, ವೈರ್‌ಲೆಸ್ ಸಬ್‌ವೂಫರ್ ಇರುವ 3.1 ಬಾರ್ ಹುಡುಕಿ.