ನೀರು ನಿಂತ ಕಾಡಿಗೆ ಎಂಥ ಡಕ್ ಕಾಲ್ ಕೊಳ್ಳಬೇಕು?

ಬಾತಿನ ದನಿ ಹೊರಡಿಸಿ ಹಿಂಡನ್ನು ಕರೆಯುವ ಊದುಗೊಳವೆಯೇ ಡಕ್ ಕಾಲ್. ಅಂಗಡಿಯಲ್ಲಿ ಅದು ಕೈಗೆ ಬಂದ ಕೂಡಲೇ ಎಲ್ಲರೂ ಜೋರಾಗಿ ಊದಿ ನೋಡುತ್ತಾರೆ. ನೀರು ನಿಂತ ಕಾಡಿನಲ್ಲಿ ಬೇಟೆಗೆ ಹೊರಟವರಿಗೆ ಆ ಪರೀಕ್ಷೆ ಪ್ರಯೋಜನಕ್ಕೆ ಬಾರದು. ಅಮೆರಿಕದ ಅರ್ಕಾನ್ಸಾ ರಾಜ್ಯದ ಬಾಯೂ ಮೀಟೊದಂಥ ಕಡೆ ಚಳಿಗಾಲದಲ್ಲಿ ಓಕ್ ಮರಗಳ ಬುಡ ಮುಳುಗಿ ಮೊಣಕಾಲಿಂದ ಸೊಂಟದವರೆಗೆ ನೀರು ನಿಲ್ಲುತ್ತದೆ. ಉದುರಿದ ಓಕ್ ಕಾಯಿಗಾಗಿ ಮ್ಯಾಲಾರ್ಡ್ ಬಾತುಗಳು ಮರಗಳ ನಡುವಿನ ತೆರಪಿನಿಂದ ಕೆಳಗಿಳಿಯುತ್ತವೆ. ಬೇಟೆಗಾರ ಕಾಂಡಕ್ಕೆ ಒರಗಿ ನಿಂತಿರುತ್ತಾನೆ. ಮರದ ತುದಿಯ ಮೇಲೆ ಸುತ್ತುವ ಹಿಂಡಿಗೂ ಅವನಿಗೂ ನಡುವೆ ಮೂವತ್ತು ನಲವತ್ತು ಗಜವಷ್ಟೇ. ಬಯಲು ಗದ್ದೆಯಲ್ಲಿ ದೂರದ ಹಿಂಡನ್ನು ತಿರುಗಿಸುವ ಆರ್ಭಟ ಇಲ್ಲಿ ಕಾಂಡಕ್ಕೂ ನೀರಿಗೂ ಬಡಿದು ಮರುದನಿಸಿದರೆ ಹಕ್ಕಿ ಬೆದರಿ ಮೇಲೇರುತ್ತದೆ.

ಹಾಗಾಗಿ ಅಂಗಡಿಯಲ್ಲಿ ನೋಡಬೇಕಾದದ್ದು ಅದು ಎಷ್ಟು ಮೆಲ್ಲಗೆ ಕೂಗಬಲ್ಲದು ಎನ್ನುವುದನ್ನು. ಪಿಸುಮಾತಿಗೆ ಬೇಕಾದಷ್ಟೇ ಉಸಿರು ಕೊಟ್ಟು ಊದಿ. ಆಗಲೂ ಹೆಣ್ಣು ಬಾತಿನ ಕ್ವ್ಯಾಕಿನಲ್ಲಿರುವ ಗೊಗ್ಗರು ಉಳಿದಿದ್ದರೆ ಸರಿ, ಬರೀ ಪೀ ಎಂದರೆ ಕೆಳಗಿಡಿ. ಆಮೇಲೆ ಅಲ್ಲಿಂದಲೇ ಉಸಿರು ಏರಿಸುತ್ತ ಹೋಗಿ, ನಡುವೆ ಎಲ್ಲಾದರೂ ದನಿ ಒಡೆದು ಕೀರಲಾಗುತ್ತದೆಯೇ ಕೇಳಿಸಿಕೊಳ್ಳಿ. ಹಲವು ಕಾಲ್‌ಗಳು ಈ ಎರಡರಲ್ಲೇ ಸೋಲುತ್ತವೆ.

ಒಳಗಿರುವುದು ಸರಳ ಯಂತ್ರ. ಊದುವ ಕೊಳವೆ ಬ್ಯಾರೆಲ್. ಅದರೊಳಗೆ ಬಿಗಿಯಾಗಿ ಕೂರುವ ತುಂಡು ಇನ್ಸರ್ಟ್. ಇನ್ಸರ್ಟಿನ ಒಂದು ಮೈಯಲ್ಲಿ ತೋಡು ತೆಗೆದಿರುವ ಭಾಗಕ್ಕೆ ಟೋನ್‌ಬೋರ್ಡ್ ಎನ್ನುತ್ತಾರೆ. ಅದರ ಮೇಲೆ ಊದಿದಾಗ ಕಂಪಿಸಿ ದನಿ ಹುಟ್ಟಿಸುವ ತೆಳು ಮೈಲಾರ್ ಪ್ಲಾಸ್ಟಿಕ್ಕಿನ ಪಟ್ಟಿ, ಅಂದರೆ ರೀಡ್, ರೀಡಿನ ಹಿಂತುದಿಯನ್ನು ಒತ್ತಿ ಹಿಡಿಯಲು ಕಾರ್ಕಿನ ಬೆಣೆ. ಬೆಲೆ ಇಪ್ಪತ್ತು ಡಾಲರಿರಲಿ, ಇನ್ನೂರಿರಲಿ, ದನಿಯ ಗುಣ ಹೆಚ್ಚಾಗಿ ಟೋನ್‌ಬೋರ್ಡಿನ ಬಾಗು ಮತ್ತು ರೀಡಿನ ಉದ್ದದಲ್ಲಿದೆ.

ಮೊದಲ ಸಲ ಕೊಳ್ಳುವವರಿಗೆ ನಮ್ಮ ಮತ ಡಬಲ್ ರೀಡಿಗೆ. ಒಂದರ ಮೇಲೊಂದು ಕೂತ ಎರಡು ರೀಡುಗಳು ಪರಸ್ಪರ ತಾಗಿ ಗೊಗ್ಗರು ತಾನಾಗಿಯೇ ಬರುತ್ತದೆ. ಉಸಿರು ತುಸು ಹೆಚ್ಚುಕಮ್ಮಿಯಾದರೂ ಹೆಣ್ಣು ಮ್ಯಾಲಾರ್ಡಿನ ದನಿಯೇ ಹೊರಡುತ್ತದೆ. ಮೇಲ್‌ಸ್ವರದಲ್ಲಿ ಅದಕ್ಕೆ ಶಕ್ತಿ ಕಡಿಮೆ, ನಿಜ. ಕಾಡಿನೊಳಗೆ ಆ ಶಕ್ತಿ ಬೇಕಾಗುವುದೂ ಅಪರೂಪ. ಅದರ ನಿಜವಾದ ಕಾಟ ಎಂಜಲು. ಎರಡು ರೀಡುಗಳ ನಡುವೆ ತೇವ ಸೇರಿದರೆ ಅಂಟಿಕೊಳ್ಳುತ್ತವೆ, ಕೊರೆಯುವ ಮುಂಜಾವಿನಲ್ಲಿ ಹೆಪ್ಪುಗಟ್ಟುವುದೂ ಉಂಟು. ಇದನ್ನು ತಪ್ಪಿಸಲು ಮೇಲಿನ ರೀಡಿನಲ್ಲಿ ಸಣ್ಣದೊಂದು ಉಬ್ಬು ಒತ್ತಿರುತ್ತಾರೆ. ಬಿಚ್ಚಿ ಜೋಡಿಸುವಾಗ ಆ ಉಬ್ಬು ಕೆಳಗಿನ ರೀಡಿನ ಕಡೆಗೇ ಇರಲಿ. ತಿರುಗಿಸಿ ಕೂರಿಸಿದರೆ ಹೊಸ ಕಾಲ್ ಕೂಡ ಮೂಕವಾಗುತ್ತದೆ.

ಸಿಂಗಲ್ ರೀಡಿನಲ್ಲಿ ಸ್ವರದ ಹರವು ದೊಡ್ಡದು: ಗುಟುಕು ದನಿಯಿಂದ ಹಿಡಿದು ಅರ್ಧ ಮೈಲಿಯಾಚೆಗೆ ಕೇಳುವ ಕೂಗಿನವರೆಗೂ ಹೋಗುತ್ತದೆ. ಆದರೆ ಗೊಗ್ಗರನ್ನು ಊದುವವರೇ ಹುಟ್ಟಿಸಬೇಕು. ಕೆನ್ನೆಯುಬ್ಬಿಸಿ ಊದಿದರೆ ಕೆಲಸ ಕೆಟ್ಟಿತು. ಚಳಿಗೆ ಮಂಜಾದ ಕನ್ನಡಕದ ಮೇಲೆ ಬಿಡುವ ಬಿಸಿಯುಸಿರಿನಂತೆ ಹೊಟ್ಟೆಯಿಂದ ತಳ್ಳಬೇಕು. ದಿನಕ್ಕೆ ಹತ್ತು ನಿಮಿಷದಂತೆ ಒಂದೆರಡು ತಿಂಗಳು ಕೂರುವ ತಾಳ್ಮೆಯಿಲ್ಲದವರು ಇದಕ್ಕೆ ಕೈ ಹಾಕದಿರುವುದೇ ಲೇಸು. ಅರ್ಕಾನ್ಸಾದ ಸ್ಟಟ್‌ಗಾರ್ಟ್ ಊರಿನಲ್ಲಿ 1936ರಿಂದ ನಡೆದುಬಂದಿರುವ ವಿಶ್ವ ಬಾತು ಕೂಗು ಸ್ಪರ್ಧೆಯಲ್ಲಿ ಕೇಳುವುದು ಇಂಥ ಕಾಲ್‌ಗಳನ್ನೇ. ಆದರೆ ವೇದಿಕೆಯ ದನಿ ವೇದಿಕೆಗೇ ಚೆಂದ. ‘ಕಾಂಟೆಸ್ಟ್’ ಎಂದು ಬರೆದ ಕಾಲನ್ನು ಕಾಡಿಗೆಂದು ಕೊಂಡರೆ ದುಡ್ಡು ದಂಡ.

ಕಟ್‌ಡೌನ್ ಎಂಬ ಮೂರನೆಯ ಜಾತಿಯೊಂದಿದೆ. ಇಲಿನಾಯ್‌ನ ಪೆಕಿನ್ ಊರಿನ ಓಲ್ಟ್ ಕಂಪನಿಯ ಗಟ್ಟಿ ರಬ್ಬರಿನ ಡಿ-2 ಕಾಲನ್ನು ಅರ್ಕಾನ್ಸಾದವರು ಕತ್ತರಿಸಿ, ಅರದಿಂದ ಉಜ್ಜಿ ಮಾಡಿಕೊಂಡ ರೂಪ ಅದು. ಸಾಮಾನ್ಯ ರೀಡು 0.010 ಇಂಚಿನದಾದರೆ ಇದರಲ್ಲಿ ಹೆಚ್ಚಾಗಿ 0.014 ಇಂಚಿನ ದಪ್ಪ ರೀಡು. ಹತ್ತಾರು ತಂಡಗಳು ಒಟ್ಟಿಗೆ ಕೂಗುವ ಸಾರ್ವಜನಿಕ ಕಾಡಿನಲ್ಲಿ ಹಿಂಡನ್ನು ತನ್ನತ್ತ ಎಳೆಯಲು ಅದರ ಒರಟು ದನಿ ಕೆಲಸಕ್ಕೆ ಬರುತ್ತದೆ. ಹೊಸಬರ ಎದೆಯ ಗಾಳಿ ಐದೇ ನಿಮಿಷಕ್ಕೆ ಖಾಲಿ.

ಮರವೋ ಅಕ್ರಿಲಿಕ್ಕೋ ಎಂಬ ಜಗಳ ಮುಗಿಯುವಂಥದ್ದಲ್ಲ. ಕಾಡಿನ ಮಟ್ಟಿಗೆ ಮರವೇ ಮೇಲು. ದನಿಯ ಅಂಚು ಮೆತ್ತಗಿರುತ್ತದೆ. ಒಳ್ಳೆಯ ಕಾಲ್‌ಗಳಿಗೆ ಬಳಸುವ ಕೊಕೊಬೊಲೊ ನಮ್ಮ ಮಲೆನಾಡಿನ ಬೀಟೆಯ ಕುಲದ್ದೇ ಮರ, ಎಣ್ಣೆಯಂಶ ಹೆಚ್ಚು, ನೀರು ಬೇಗ ಹೀರದು. ಆದರೂ ದಿನವಿಡೀ ತೊಯ್ದರೆ ಊದಿಕೊಂಡು ಇನ್ಸರ್ಟ್ ಹೊರಬರದೆ ಕೂರುತ್ತದೆ. ಎಳೆದಾಡಿ ಸೀಳಬೇಡಿ, ಒಂದು ರಾತ್ರಿ ಒಣಗಲು ಬಿಡಿ. ಅಕ್ರಿಲಿಕ್ ಊದಿಕೊಳ್ಳದು, ದನಿ ಮಾತ್ರ ಚೂಪು. ಪಾಲಿಕಾರ್ಬೊನೇಟಿನದು ಕಡಿಮೆ ಬೆಲೆಗೆ ಸಿಗುತ್ತದೆ, ಕೆಸರಿಗೆ ಬಿದ್ದರೂ ಚಿಂತೆಯಿಲ್ಲ. ಸುಮಾರಾಗಿ ಇದಕ್ಕೆ 20ರಿಂದ 40 ಡಾಲರ್, ಮರದ್ದಕ್ಕೆ 70ರಿಂದ 100, ಅಕ್ರಿಲಿಕ್ಕಿಗೆ 130ರ ಮೇಲೆ.

ಊದಲು ಕಲಿಯಬೇಕಾದ್ದು ಮೂರೇ ಮಾತು: ಬಿಡಿಬಿಡಿ ಕ್ವ್ಯಾಕ್, ಮೇಯುವಾಗಿನ ಗೊಣಗಾಟ, ತಿರುಗಿ ಹೊರಟ ಹಿಂಡಿಗೆ ಗಡಿಬಿಡಿಯ ನಾಲ್ಕೈದು ಕರೆ. ಗೊಣಗಾಟಕ್ಕೆ ಅಮೆರಿಕದವರು ‘ಟಿಕ್ಕ ಟಿಕ್ಕ’ ಎಂದು ನಾಲಿಗೆ ಆಡಿಸಲು ಹೇಳಿಕೊಡುತ್ತಾರೆ. ಕೊನ್ನಕ್ಕೋಲು ಬಲ್ಲವರಿಗೆ ‘ತಕಿಟ ತಕಿಟ’ ಇನ್ನೂ ಸಲೀಸು. ತಾಳ ಮಾತ್ರ ಹಿಡಿಯಬೇಡಿ, ಬಾತು ಲೆಕ್ಕವಿಟ್ಟು ಗೊಣಗುವುದಿಲ್ಲ. ಹಕ್ಕಿ ನೇರ ಮುಖ ಮಾಡಿ ಇಳಿಯುತ್ತಿದ್ದರೆ ಡಕ್ ಕಾಲನ್ನು ಬಾಯಿಂದ ತೆಗೆದು, ಪಾದದಿಂದ ನೀರು ಕದಡಿ ಅಲೆಯೆಬ್ಬಿಸಿ. ಅಲೆಯಿಲ್ಲದ ನೀರಿನ ಮೇಲಿಂದ ಬಾತಿನ ದನಿ ಬಂದರೆ ಹಕ್ಕಿಗೆ ಅನುಮಾನ.

ದನಿ ಕಟ್ಟಿದರೆ ಡಾಲರ್ ನೋಟಿನ ಅಂಚನ್ನು ರೀಡು, ಟೋನ್‌ಬೋರ್ಡುಗಳ ನಡುವೆ ತೂರಿಸಿ ಎಳೆಯಿರಿ. ಬಹುಪಾಲು ತೊಂದರೆ ಅಲ್ಲಿಗೆ ಮುಗಿಯುತ್ತದೆ. ಕಾಯಿಯ ಸಿಪ್ಪೆ, ತಿಂಡಿಯ ಚೂರು, ತಂಬಾಕಿನ ಎಸಳು ಹೊರಬರುತ್ತವೆ. ರೀಡು ಬಿಚ್ಚಲೇಬೇಕಾದರೆ ಮೊದಲು ಫೋನಿನಲ್ಲಿ ಫೋಟೊ ತೆಗೆದು, ಬೆಣೆ ಇದ್ದ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಕೂದಲೆಳೆಯಷ್ಟು ಸರಿದರೂ ಸ್ವರ ಬದಲಾಗುತ್ತದೆ. ರೀಡಿನ ತುದಿ ಕತ್ತರಿಸಿದರೆ ಸ್ವರ ಏರುತ್ತದೆ, ಕತ್ತರಿಸಿದ್ದು ಮತ್ತೆ ಬೆಳೆಯದು. ಕಾರ್ಕ್ ಒಣಗಿ ಸಡಿಲವಾಗುವುದರಿಂದ ಋತುವಿಗೊಮ್ಮೆ ಬದಲಿಸಿ.

ರೆಕಾರ್ಡ್ ಮಾಡಿದ ದನಿ ಕೇಳಿಸುವ ಸ್ಪೀಕರನ್ನು ಬಾತಿನ ಬೇಟೆಗೆ ಅಮೆರಿಕದ ಫೆಡರಲ್ ಕಾನೂನು ಒಪ್ಪುವುದಿಲ್ಲ. ಡಕ್ ಕಾಲನ್ನು ಊರಿಗೆ ತರುವ ಯೋಚನೆಯಿದ್ದರೆ ಬೀರುವಿನ ಅಲಂಕಾರಕ್ಕಷ್ಟೇ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಕಾಡುಬಾತಿನ ಬೇಟೆ ಅಪರಾಧ.

ಬಜೆಟ್ಟಿನಲ್ಲಿ ಹತ್ತು ಡಾಲರ್ ಉಳಿದರೆ ಗಂಡು ಬಾತಿನ ಸೀಟಿ ಕೊಳ್ಳಿ. ಕ್ವ್ಯಾಕ್ ಎನ್ನುವುದು ಹೆಣ್ಣು, ಗಂಡಿನದು ತಗ್ಗಿದ ಸೊರಗು ದನಿ. ಗಾಳಿಯಿಲ್ಲದ ಬೆಳಗ್ಗೆ, ಸುತ್ತಲ ತಂಡಗಳೆಲ್ಲ ಕ್ವ್ಯಾಕ್ ಎಂದು ಕೂಗಿ ಹಕ್ಕಿಯನ್ನು ಎಚ್ಚರಿಸಿಟ್ಟ ಮೇಲೆ, ಕೆಲವೊಮ್ಮೆ ಆ ಸೀಟಿಗೇ ಹಿಂಡು ಇಳಿಯುತ್ತದೆ.