ಅಡಿಕೆ ಸುಲಿಯುವ ಜಗಲಿಯಲ್ಲಿ 100.3: ಕಾಸರಗೋಡಿನಿಂದ ಒಂದು ವಿಮರ್ಶೆ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಮಂಗಳೂರು ಆಕಾಶವಾಣಿ (ಎಫ್‌ಎಂ 100.3) ಕೇಳಲೆಂದು ಹೊಸ ರೇಡಿಯೋ ಕೊಳ್ಳುವ ಮೊದಲು ಒಂದಷ್ಟು ವಯರ್ ಕೊಳ್ಳಿ. ಇಲ್ಲಿ ಕಾಟ ಕೊಡುವುದು ಹೆಚ್ಚಾಗಿ ಗುಡ್ಡ. ಎಫ್‌ಎಂ ಅಲೆ ನೇರ ದಾರಿಯಲ್ಲಿ ಬರುವಂಥದ್ದು. ಗುಡ್ಡದ ಬುಡದ ತೋಟದ ಮನೆ, ಮುರಕಲ್ಲಿನ ಗೋಡೆ, ಮೇಲೆ ತಗಡಿನ ಮಾಡು ಅಂದರೆ ಕೇಳುವುದು ಬುಸುಗುಟ್ಟುವ ಸದ್ದು ಮಾತ್ರ.

ಹೊರಗಿನ ಏರಿಯಲ್‌ಗಾಗಿ ಎರಡೆಳೆಯ ವಯರಿನ ತುದಿಯನ್ನು 71 ಸೆಂ.ಮೀ. ಸೀಳಿ, ಎಳೆಗಳನ್ನು ಎರಡು ಕೈಯಂತೆ ಬಿಡಿಸಿ, ಮಾಡಿಗಿಂತ ಎತ್ತರದಲ್ಲಿ ಬಿದಿರಿಗೆ ಕಟ್ಟಿ. ಕೆಳತುದಿಯ ಒಂದೆಳೆ ಏರಿಯಲ್ ಕಡ್ಡಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಸ್ಪ್ರಿಂಗಿಗೆ. ಕಡ್ಡಿ ಮಡಚಿಯೇ ಇರಲಿ. ಸೀಳು ಮುಗಿಯುವ ಜಾಗಕ್ಕೆ ಟೇಪ್ ಸುತ್ತದಿದ್ದರೆ ಒಂದೇ ಮಳೆಗಾಲಕ್ಕೆ ತಾಮ್ರ ಹಸಿರುಗಟ್ಟಿ ಸದ್ದು ಕುಗ್ಗುತ್ತದೆ. ತುಲಾ ತಿಂಗಳ ಗುಡುಗು ಶುರುವಾಗುವ ಮೊದಲೇ ವಯರ್ ಕಳಚಿಡಿ. ವಯರ್ ಕಟ್ಟಿದ ಮೇಲೂ ಸಣ್ಣಗೆ ಬುಸುಗುಟ್ಟಿದರೆ ಸ್ಟೀರಿಯೋ ಬಿಟ್ಟು ಮೋನೋಗೆ ಹಾಕಿ. ಅಗ್ಗದ ಸೆಟ್ಟುಗಳಲ್ಲಿ ತೆಂಕಣ ಕಣ್ಣೂರಿನ ಬಾನುಲಿ (101.5) ಬಂದು ಮೈಮೇಲೆ ಬೀಳುವುದುಂಟು. ಬಿದಿರನ್ನು ಮೆಲ್ಲನೆ ತಿರುಗಿಸಿ ನೋಡಿ.

ಇಷ್ಟೆಲ್ಲ ಪಡಿಪಾಟಲು ಯಾಕೆ ಅಂದರೆ ಯಕ್ಷಗಾನದ ತಾಳಮದ್ದಳೆಗಾಗಿ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲವೂ ಆದ ಕಲೆ ರೇಡಿಯೋಗೆಂದೇ ಹುಟ್ಟಿದಂತಿದೆ. ಪಾತ್ರದ ಮಾತಾಡುವ ಅರ್ಥಧಾರಿ ಉಸಿರು ಎಳೆದುಕೊಂಡು ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸುವ ಆ ಅರೆಗಳಿಗೆ ಕೇಳಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಊರಿನವರ ಕಿವಿ ಅಷ್ಟಕ್ಕೆಲ್ಲ ಸುಲಭವಾಗಿ ಒಪ್ಪುವುದೂ ಇಲ್ಲ ಅನ್ನಿ. ಒಂದೇ ಕೊರತೆ: ಅಂಗೈಯಗಲದ ಸ್ಪೀಕರಿನಲ್ಲಿ ಚೆಂಡೆ ಮಾತ್ರ ಚಟಚಟ ಅನ್ನುತ್ತದೆ, ಮದ್ದಳೆಯ ಘುಮಕಿ ಕಾಣೆ. ಸೆಟ್ಟನ್ನು ಗೋಡೆಯ ಮೂಲೆಗೆ ತಾಗಿಸಿಟ್ಟರೆ ಅದು ತುಸು ಮರಳಿ ಬರುತ್ತದೆ.

ಅತಿಥಿ ಸಂದರ್ಶನಗಳ ಮಟ್ಟ ಮಾತ್ರ ಏರುಪೇರು. ಯಾವ ವಾಹಿನಿಯಾದರೂ ಸರಿ, ಅತಿಥಿಯ ಪ್ರಶಸ್ತಿ ಪಟ್ಟಿ ಓದುವುದರಲ್ಲೇ ಐದು ನಿಮಿಷ ಕಳೆದರೆ ಆ ದಿನದ ಕಾರ್ಯಕ್ರಮ ಕೆಟ್ಟಿತೆಂದೇ ಲೆಕ್ಕ. ಯಕ್ಷಗಾನದ ಹಾಡುಗಾರರಾದ ಭಾಗವತರನ್ನು ಕೂರಿಸಿಕೊಂಡು, ಒಂದೇ ಪದವನ್ನು ಕಪ್ಪು ಒಂದರಲ್ಲಿ (ಹಾರ್ಮೋನಿಯಮ್ಮಿನ ಕಪ್ಪು ಮನೆಯ ಶ್ರುತಿ) ಹಾಡಿಸಿ ಮತ್ತೆ ಕಪ್ಪು ಎರಡರಲ್ಲಿ ಹಾಡಿಸಿದರೆ ಶ್ರುತಿ ಏರಿದಾಗ ಗಂಟಲು ಏನು ಮಾಡುತ್ತದೆಂದು ಯಾರಿಗಾದರೂ ತಿಳಿದೀತು. ಅಂಥವು ಅಪರೂಪ, ಸಿಕ್ಕಿದರೆ ಅಡಿಕೆ ಸುಲಿಯುವ ಕೈ ತಾನೇ ನಿಲ್ಲುತ್ತದೆ.

2009ರಲ್ಲಿ ಶುರುವಾದ ಮಂಗಳೂರಿನ ರೇಡಿಯೋ ಸಾರಂಗ್ (107.8) ಸಮುದಾಯ ಬಾನುಲಿ, ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯೂ ಉಂಟು. ಸಮುದಾಯ ಬಾನುಲಿಗಳಿಗೆ ಸಾಮಾನ್ಯವಾಗಿ ಸಿಗುವುದು 100 ವಾಟ್ ಪ್ರಸರಣ ಶಕ್ತಿ. ಹಾಗಾಗಿ ಮಂಜೇಶ್ವರದ ಎತ್ತರದ ಜಾಗದಲ್ಲಿ ಪ್ರಯತ್ನಿಸಬಹುದು, ಕುಂಬಳೆಯಿಂದ ಆಚೆ ಆಸೆ ಬೇಡ. ಇದಕ್ಕೆ ಮೇಲಿನ ವಯರನ್ನೇ ಒಂದೊಂದು ಕೈಗೆ 66 ಸೆಂ.ಮೀ. ಮಾಡಿಕೊಳ್ಳಿ.

ಆಕಾಶವಾಣಿ ಮೊಬೈಲಿನಲ್ಲಿ ನ್ಯೂಸ್ ಆನ್ ಏರ್ ಆ್ಯಪಿನಲ್ಲೂ ಸಿಗುತ್ತದೆ. ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕ ಹಿಡಿದರೆ ಗಂಟೆಗೆ ಸುಮಾರು 29 ಎಂಬಿ ಡೇಟಾ. ಆದರೆ ಆಟಿ ತಿಂಗಳ ಮಳೆಗೆ ಕರೆಂಟ್ ಹೋಗಿ, ಹಿಂದೆಯೇ ಟವರೂ ಮಲಗಿದರೆ ಉಳಿಯುವುದು ಸೆಲ್ ಹಾಕಿದ ರೇಡಿಯೋ ಒಂದೇ. ಫೋನ್‌ಇನ್ ಕಾರ್ಯಕ್ರಮಕ್ಕೆ ಕರೆ ಮಾಡುವವರು ಆ್ಯಪ್ ನಂಬಿ ಮಾತಾಡಬೇಡಿ. ಅದು ಹಲವು ಸೆಕೆಂಡು ಹಿಂದಿರುತ್ತದೆ, ನಿರೂಪಕರು ಎರಡು ಸಲ ಹಲೋ ಅಂದಿರುತ್ತಾರೆ. ಲೈನ್ ಸಿಕ್ಕಿದ ಕೂಡಲೇ ಪಕ್ಕದ ರೇಡಿಯೋ ಬಂದ್ ಮಾಡಿ. ಇಲ್ಲವಾದರೆ ನಿಮ್ಮ ಮಾತಿಗಿಂತ ಮೊದಲು ಕುಂಯ್ ಅನ್ನುವ ಸದ್ದು ಊರೆಲ್ಲ ಕೇಳುತ್ತದೆ.